ಲಾಳ ಕಟ್ಟಿದವರ ಹೆಸರು

ಕಲ್ಲಿನ ಮೇಲೆ ಹೆಸರು ಕೆತ್ತುವ ನಮ್ಮ ಕೆಲಸದಲ್ಲಿ ದುಡ್ಡಿನ ಲೆಕ್ಕ ಅಕ್ಷರದ ಮೇಲೆ ನಡೆಯುತ್ತದೆ. ಅಕ್ಷರಕ್ಕೆ ಇಷ್ಟು ಅಂತ ರೇಟು. ಹಾಗಾಗಿ ಕಷ್ಟದಲ್ಲಿರುವ ಮನೆಯವರು ಬಂದರೆ ಮೊದಲು ಕತ್ತರಿ ಬೀಳುವುದು ಹೆಸರಿಗೆ. ಅಪ್ಪನ ಹೆಸರು ಒಂದೇ ಅಕ್ಷರವಾಗುತ್ತದೆ. ಮನೆತನದ ಹೆಸರು ಹೋಗುತ್ತದೆ. ಊರು ಹೋಗುತ್ತದೆ. ಬೈಬಲ್ ವಚನ ಮಾತ್ರ ಪೂರ್ತಿ ಬೇಕು ಅನ್ನುತ್ತಾರೆ. ನನ್ನ ಅಪ್ಪ ಇದಕ್ಕೆ ಒಪ್ಪುತ್ತಿರಲಿಲ್ಲ. "ಹೆಸರು ಪೂರ್ತಿ ಹಾಕುವ. ವಚನ ಬೈಬಲಿನಲ್ಲಿ ಇದ್ದೇ ಇದೆ, ಇವರ ಹೆಸರು ಬೇರೆಲ್ಲಿದೆ?" ಎನ್ನುತ್ತಿದ್ದರು.

ಬಿಕರ್ನಕಟ್ಟೆಯ ಹತ್ತಿರದ ಆ ಅಂಗಡಿ ಈಗ ನನ್ನದು. ಅಪ್ಪನ ಕಾಲದಲ್ಲಿ ಉಳಿ, ಸುತ್ತಿಗೆ. ಈಗ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ, ಸ್ಟಿಕರ್ ಕತ್ತರಿಸಿ, ಕಪ್ಪು ಗ್ರಾನೈಟಿಗೆ ಅಂಟಿಸಿ, ಮೆಷಿನ್ನಿನಲ್ಲಿ ಮರಳು ಹೊಡೆದು ಕೊರೆಯುತ್ತೇವೆ. ಅಕ್ಟೋಬರ್ ಬಂದರೆ ಪುರುಸೊತ್ತೇ ಇರುವುದಿಲ್ಲ. ನವೆಂಬರ್ 2ಕ್ಕೆ ಕೆಥೊಲಿಕರು ಸತ್ತವರನ್ನು ನೆನೆಯಲು ಸಮಾಧಿಗೆ ಹೋಗುತ್ತಾರೆ, ಹೂವು ಇಡುತ್ತಾರೆ, ಮೊಂಬತ್ತಿ ಹಚ್ಚುತ್ತಾರೆ. ಅಷ್ಟರೊಳಗೆ ಹೊಸ ಕಲ್ಲು ಕೂರಿಸಿ ಆಗಿರಬೇಕು. ನಮ್ಮದು ಬಾಸೆಲ್ ಮಿಷನ್ ಕಾಲದಿಂದ ಬಂದ ಕುಟುಂಬ. ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ.

ನನ್ನ ಚಿಕ್ಕಮ್ಮನ ಮಗಳು ಇಂಗ್ಲೆಂಡಿನಲ್ಲಿ ನರ್ಸ್. ಅವಳು ಭಾನುವಾರ ಹೋಗುವ ಹಳೆಯ ಚರ್ಚಿನ ಗೋಡೆ ತುಂಬ ಇಂಥ ಫಲಕಗಳೇ. "ಅಕ್ಕ, ನಿನ್ನ ಲೈನಿನದ್ದು ಇಲ್ಲಿ ತುಂಬಾ ಉಂಟು" ಅಂತ ಒಂದೊಂದರ ಫೋಟೋ ತೆಗೆದು ಕಳಿಸುತ್ತಾಳೆ. ಅವುಗಳಲ್ಲಿ ಒಂದನ್ನು ನಾನು ಫೋನಿನಲ್ಲಿ ದೊಡ್ಡದು ಮಾಡಿ ತುಂಬ ಹೊತ್ತು ನೋಡಿದೆ. ಹಿತ್ತಾಳೆಯ ತಗಡು. ದಕ್ಷಿಣ ಆಫ್ರಿಕಾ, 1899–1902. ಅಕ್ಷರಗಳನ್ನು ಕೊರೆದು ಕಪ್ಪು ತುಂಬಿದ್ದಾರೆ, ಮೊದಲಕ್ಷರಗಳಿಗೆ ಕೆಂಪು. ಸುತ್ತ ಎಲೆಬಳ್ಳಿಯ ಅಂಚು. ಮೇಲೆ ಒಬ್ಬ ಕ್ಯಾಪ್ಟನ್, ಅವನ ಕೆಳಗೆ ಸಾರ್ಜೆಂಟ್, ಅದರ ಕೆಳಗೆ ಸಾಮಾನ್ಯ ಸಿಪಾಯಿಗಳು. ಪ್ರತಿ ಹೆಸರಿನ ಎದುರಿಗೆ ಸತ್ತ ಜಾಗ. ಕೊನೆಯ ಸಾಲಿನಲ್ಲಿ, ಈ ಊರಿನ ಸಭೆಯವರು ಇದನ್ನು ಹಾಕಿಸಿದರು ಎಂದಿದೆ.

ಒಬ್ಬ ಸಿಪಾಯಿಯ ಹೆಸರು ತುಂಬ ಉದ್ದ. ಆ ಸಾಲಿನಲ್ಲಿ ಜಾಗ ಸಾಲುವುದಿಲ್ಲ ಅಂತ ನಮ್ಮ ಕೆಲಸದವರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಕೊರೆದವನು ಹೆಸರನ್ನು ಕತ್ತರಿಸಿಲ್ಲ. ಅಕ್ಷರಗಳ ನಡುವಿನ ಜಾಗವನ್ನು ಕೂದಲೆಳೆಯಷ್ಟು ಕಡಿಮೆ ಮಾಡುತ್ತಾ ಹೋಗಿ ಪೂರ್ತಿ ಹೆಸರನ್ನು ಕೂರಿಸಿದ್ದಾನೆ. ನೂರಿಪ್ಪತ್ತು ವರ್ಷದ ಹಿಂದೆ ಸತ್ತ, ನನಗೆ ಏನೂ ಅಲ್ಲದ ಒಬ್ಬ ಹುಡುಗನ ಹೆಸರಿಗೆ ಅಷ್ಟು ಕಾಳಜಿ ಮಾಡಿದ್ದು ನೋಡಿ ನನಗೆ ಆ ಕೆಲಸದವನ ಮೇಲೆ ಗೌರವ ಬಂತು.

ಅದು ಬೋಯರ್ ಯುದ್ಧ. ಯಾಕೆ ನಡೆಯಿತು ಅಂತ ಆಮೇಲೆ ಓದಿದೆ. 1886ರಲ್ಲಿ ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲಿನಲ್ಲಿ ಚಿನ್ನ ಸಿಕ್ಕಿತು. ಅಲ್ಲಿ ಡಚ್ ಮೂಲದ ಬೋಯರ್ ರೈತರ ಆಡಳಿತ ಇತ್ತು. ಬ್ರಿಟಿಷರಿಗೆ ಅದು ತಮ್ಮ ಕೈಯಲ್ಲಿ ಇರಬೇಕಿತ್ತು. ಕಾರಣ ಕೇಳಿದರೆ ಇನ್ನೂ ಹತ್ತಾರು ಹೇಳುತ್ತಾರೆ, ನನಗೆ ಮಾತ್ರ ಚಿನ್ನವೇ ದೊಡ್ಡದಾಗಿ ಕಾಣುತ್ತದೆ. ಆ ನೆಲದ ಮೂಲ ಒಡೆಯರಾದ ಕಪ್ಪು ಜನರನ್ನು ಎರಡೂ ಕಡೆಯವರು ಕೇಳಲಿಲ್ಲ. ಅಕ್ಟೋಬರ್ 1899ರಲ್ಲಿ ಶುರುವಾದದ್ದು 1902ರ ಮೇ ಕೊನೆಗೆ ಮುಗಿಯಿತು. ಬ್ರಿಟಿಷ್ ಕಡೆ ಸುಮಾರು 22,000 ಸೈನಿಕರು ಸತ್ತರು.

ಅವರಲ್ಲಿ ಹೆಚ್ಚಿನವರು ಗುಂಡು ತಗಲಿ ಸತ್ತವರಲ್ಲ. ಸುಮಾರು ಮೂರರಲ್ಲಿ ಎರಡು ಪಾಲು ಜನ ಕಾಯಿಲೆ ಬಿದ್ದು ಹೋದರು. ತಂಗಿ ಕಳಿಸಿದ ಫಲಕದಲ್ಲೂ ಹಾಗೇ ಇದೆ. ಬ್ಲೂಮ್‌ಫಾಂಟೈನ್, ಜ್ವರ. ಬ್ಲೂಮ್‌ಫಾಂಟೈನ್, ಜ್ವರ. ಟೈಫಾಯ್ಡ್ ಅದು. 1900ರ ಫೆಬ್ರವರಿಯಲ್ಲಿ ಪಾರ್ಡೆಬರ್ಗ್ ಎಂಬಲ್ಲಿ ದೊಡ್ಡ ಕಾಳಗ ಆಯಿತು. ಸತ್ತ ಕುದುರೆ, ಎತ್ತುಗಳು ಮಾಡರ್ ನದಿಯಲ್ಲಿ ತೇಲುತ್ತಿದ್ದವು. ದಣಿದ ಸೈನಿಕರು ಅದೇ ನೀರು ಕುಡಿದರು. ಮುಂದಿನ ತಿಂಗಳು ಬ್ಲೂಮ್‌ಫಾಂಟೈನ್ ಪಟ್ಟಣ ಹಿಡಿದರು. ಆದರೆ ಮಾರ್ಚ್ ಕೊನೆಗೆ ಪಟ್ಟಣದ ಹೊರಗಿನ ಸನ್ನಾಸ್ ಪೋಸ್ಟಿನ ನೀರಿನ ಕಾರ್ಖಾನೆ ಬೋಯರರ ಕೈಗೆ ಹೋಯಿತು. ಒಳ್ಳೆಯ ನೀರು ನಿಂತಿತು. ಆಸ್ಪತ್ರೆಗಳಲ್ಲಿ ಮಂಚ ಸಾಲದೆ ಹುಡುಗರನ್ನು ನೆಲದ ಮೇಲೆ ಮಲಗಿಸಿದರು. ಆಲ್ಮ್‌ರೋತ್ ರೈಟ್ ಎಂಬ ವೈದ್ಯರು ಅಷ್ಟರಲ್ಲಾಗಲೇ ಟೈಫಾಯ್ಡಿಗೆ ಲಸಿಕೆ ಮಾಡಿದ್ದರು. ಹಾಕಿಸಿಕೊಳ್ಳಲೇಬೇಕು ಅಂತ ಸೇನೆಯಲ್ಲಿ ನಿಯಮ ಇರಲಿಲ್ಲ, ಹೆಚ್ಚಿನವರು ಹಾಕಿಸಿಕೊಳ್ಳಲಿಲ್ಲ. ಇದನ್ನು ತಂಗಿಗೆ ಫೋನಿನಲ್ಲಿ ಹೇಳಿದಾಗ ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವಳ ವಾರ್ಡಿನ ಕೆಲಸವೇ ಅದು, ಅಲ್ವಾ.

ನಾನು ಫಲಕಗಳ ವಿಷಯಕ್ಕೇ ಬರುತ್ತೇನೆ. ಅದಕ್ಕಿಂತ ಹಿಂದಿನ ಯುದ್ಧಗಳ ಫಲಕ ನೋಡಿದರೆ ಹೆಸರು ಇರುವುದು ಹೆಚ್ಚಾಗಿ ಆಫೀಸರುಗಳದ್ದು. ಅಮೃತಶಿಲೆಯಲ್ಲಿ ಕರ್ನಲ್ ಒಬ್ಬರ ಹೆಸರು, ಅವರ ವಂಶ, ಅವರ ಗುಣ, ಜೊತೆಗಾರ ಆಫೀಸರುಗಳು ಹಾಕಿಸಿದ್ದು ಎಂಬ ಸಾಲು. ಸಿಪಾಯಿಗಳು ಕೊನೆಯಲ್ಲಿ ಒಂದು ಸಂಖ್ಯೆ. ಸಿಪಾಯಿಯ ತಾಯಿಗೆ ಅಮೃತಶಿಲೆ ಮಾಡಿಸುವ ಶಕ್ತಿ ಎಲ್ಲಿಂದ ಬರಬೇಕು? ಬೋಯರ್ ಯುದ್ಧದಲ್ಲಿ ಇದು ಬದಲಾಯಿತು. 1899ರ ಡಿಸೆಂಬರಿನಲ್ಲಿ ಒಂದೇ ವಾರದಲ್ಲಿ ಬ್ರಿಟಿಷರು ಮೂರು ಕಡೆ ಸೋತರು. ಆಮೇಲೆ ಊರೂರಿನಿಂದ ಗುಮಾಸ್ತರು, ರೈತರ ಮಕ್ಕಳು, ಅಂಗಡಿಯವರು ತಾವಾಗಿ ಸೇನೆ ಸೇರಿದರು. ಸತ್ತಾಗ ಊರೇ ದುಡ್ಡು ಸೇರಿಸಿ ಫಲಕ ಹಾಕಿಸಿತು. ಕ್ಯಾಪ್ಟನ್ ಹೆಸರು ಮೇಲೇ ಇತ್ತು. ಆದರೆ ಹಾಲು ಮಾರುವವನ ಮಗನ ಹೆಸರೂ ಅದೇ ಹಿತ್ತಾಳೆಯ ಮೇಲೆ, ಅದೇ ಅಳತೆಯ ಅಕ್ಷರದಲ್ಲಿ ಬಂತು. ಬ್ರಿಟನ್ನಿನಲ್ಲಿ ಆ ಯುದ್ಧದ ಸ್ಮಾರಕಗಳು ಸಾವಿರಕ್ಕೂ ಹೆಚ್ಚು ಇವೆ. ನನಗೆ ಇದು ದೊಡ್ಡ ವಿಷಯ. ಯುದ್ಧ ಕೆಟ್ಟದ್ದೇ. ಆದರೆ ಬಡವನ ಹೆಸರು ಹೀಗೆ ಚರ್ಚಿನ ಗೋಡೆ ಹತ್ತಿದ್ದು ಕೆಟ್ಟದ್ದಲ್ಲ.

ಆ ಯುದ್ಧದಲ್ಲಿ ನಮ್ಮವರು ಇದ್ದರಾ ಅಂತ ಹುಡುಕಿದೆ. ಇದ್ದರು.

ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರ ಕೈಯಲ್ಲಿದ್ದ ನಟಾಲಿನ ಲೇಡಿಸ್ಮಿತ್ ಪಟ್ಟಣಕ್ಕೆ ಬೋಯರರು 118 ದಿನ ಮುತ್ತಿಗೆ ಹಾಕಿದ್ದರು. ಅಲ್ಲಿನ ಆಲ್ ಸೇಂಟ್ಸ್ ಚರ್ಚಿನ ಗೋಡೆಗಳಲ್ಲಿ ಆ ಮುತ್ತಿಗೆಯಲ್ಲಿ ಮತ್ತು ಅದನ್ನು ಬಿಡಿಸುವ ಕಾಳಗಗಳಲ್ಲಿ ಸತ್ತ 3,000ಕ್ಕೂ ಹೆಚ್ಚು ಜನರ ಹೆಸರು ಕೊರೆದಿದ್ದಾರೆ. ಅದೇ ಪಟ್ಟಣದ ಒಳಗೆ ಕಬ್ಬಿನ ಗದ್ದೆಗೆಂದು ಕರಾರಿನ ಮೇಲೆ ಬಂದಿದ್ದ ಭಾರತದ ಕೂಲಿಗಳೂ ಸಿಕ್ಕಿಬಿದ್ದಿದ್ದರು. ಅವರಲ್ಲಿ ಪ್ರಭುಸಿಂಗ್ ಎಂಬವರಿಗೆ ಒಂದು ಕೆಲಸ ಕೊಟ್ಟಿದ್ದರು. ಎದುರಿನ ಬೆಟ್ಟದ ಮೇಲಿನ ಬೋಯರ್ ಫಿರಂಗಿಯಲ್ಲಿ ಬೆಂಕಿ ಕಂಡ ಕೂಡಲೇ ಗಂಟೆ ಬಾರಿಸುವುದು. ಗುಂಡು ಬಂದು ಬೀಳುವುದರೊಳಗೆ ಜನ ಅಡಗಿಕೊಳ್ಳಬೇಕು. ಗಂಟೆ ಬಾರಿಸುವವರು ಮಾತ್ರ ಅಡಗುವ ಹಾಗಿಲ್ಲ. ಅವರು ಬದುಕಿದರು. ಮುತ್ತಿಗೆ ಮುಗಿದ ಮೇಲೆ ವೈಸರಾಯ್ ಕರ್ಜನ್ ಭಾರತದಿಂದ ಕಾಶ್ಮೀರದ ಒಂದು ನಿಲುವಂಗಿ ಕಳಿಸಿದರು. ಅದನ್ನು ಸಭೆ ಕರೆದು ಕೊಡಲಾಯಿತು. ಗಾಂಧೀಜಿ ಇದನ್ನು ಬರೆದಿಟ್ಟಿದ್ದರಿಂದ ನಮಗೆ ಆ ಹೆಸರು ಗೊತ್ತಾಗಿದೆ.

ಗಾಂಧೀಜಿಯೂ ಅಲ್ಲೇ ಇದ್ದರು. ಗಾಯಾಳುಗಳನ್ನು ಹೊರುವುದಕ್ಕೆ ಸುಮಾರು 1,100 ಭಾರತೀಯರ ಪಡೆ ಕಟ್ಟಿದ್ದರು. ಸುಮಾರು 300 ಜನ ಸ್ವತಂತ್ರರು, ಉಳಿದವರು ಕರಾರಿನ ಕೂಲಿಗಳು. ಗುಂಡು ಹಾರುವ ಜಾಗಕ್ಕೆ ಹೋಗಬೇಕಿಲ್ಲ ಎಂದು ಮೊದಲೇ ಮಾತಾಗಿತ್ತು. ಜನವರಿ 1900ರಲ್ಲಿ ಸ್ಪಿಯಾನ್ ಕೋಪ್ ಬೆಟ್ಟದಲ್ಲಿ ಸೋಲಾದಾಗ, ಬರುತ್ತೀರಾ ಎಂದು ಕೇಳಿದರು. ಹೋದರು. ಮಂಚದಂಥ ಡೋಲಿಯಲ್ಲಿ ಗಾಯಾಳುಗಳನ್ನು ಹೊತ್ತು ದಿನಕ್ಕೆ 20–25 ಮೈಲಿ ನಡೆದರು. ಆ ಬೆಟ್ಟದ ಮೇಲೆ ಸತ್ತವರನ್ನು ಅವರು ಕಾದಾಡಿದ ಕಂದಕದಲ್ಲೇ ಹೂಳಿದ್ದಾರೆ. ಬಿಳಿ ಕಲ್ಲು ಜೋಡಿಸಿದ ಉದ್ದ ಸಮಾಧಿ. ನನ್ನ ಮಗನಿಗೆ ಫುಟ್‌ಬಾಲ್ ಹುಚ್ಚು. ಲಿವರ್‌ಪೂಲ್ ಮೈದಾನದ ಒಂದು ಬದಿಗೆ ಕೋಪ್ ಎಂದು ಹೆಸರಿರುವುದು ಇದೇ ಬೆಟ್ಟದಿಂದ ಅಂತ ಅವನಿಗೆ ಹೇಳಿದೆ. ಅವನು ನಂಬದೆ ತಾನೇ ಹುಡುಕಿ ನೋಡಿದ.

ಇವರಲ್ಲದೆ ಭಾರತದಿಂದಲೇ ಸೇನೆಯ ಜೊತೆ ಹೋದವರು ಇದ್ದಾರೆ. ಅದು ಬಿಳಿಯರ ನಡುವಿನ ಯುದ್ಧ ಎಂದು ಎರಡೂ ಕಡೆಯವರು ಹೇಳುತ್ತಿದ್ದರಿಂದ ಭಾರತದ ಸಿಪಾಯಿಗಳ ಕೈಗೆ ಬಂದೂಕು ಕೊಟ್ಟು ಕಾದಾಡಲು ಬಿಡಲಿಲ್ಲ. ಆದರೆ ಅಡುಗೆಗೆ, ನೀರು ಹೊರಲು, ಬಟ್ಟೆ ಒಗೆಯಲು, ಡೋಲಿ ಹೊರಲು, ಕುದುರೆ ನೋಡಿಕೊಳ್ಳಲು ಅವರು ಬೇಕಾಯಿತು. ಅವರಲ್ಲಿ ನಾಲ್‌ಬಂದರು ಅಂತ ಇದ್ದರು. ಕುದುರೆಗೆ ಲಾಳ ಕಟ್ಟುವವರು.

ಜೊಹಾನ್ಸ್‌ಬರ್ಗಿನ ಅಬ್ಸರ್ವೇಟರಿ ಬೆಟ್ಟದ ಏಣಿನ ಮೇಲೆ ಇವರಿಗಾಗಿ ಒಂದು ಸ್ಮಾರಕಸ್ತಂಭ ಇದೆ. ದಕ್ಷಿಣ ಆಫ್ರಿಕಾದಲ್ಲಿ ಸತ್ತ ಭಾರತ ಸೇನೆಯವರ ನೆನಪಿಗೆ ಎಂದು ಅದರ ಮೇಲೆ ಬರೆದಿದೆ. ಮೊದಲು ಬ್ರಿಟಿಷ್ ಆಫೀಸರುಗಳು. ಆಮೇಲೆ ದೇಶೀ ಸಣ್ಣ ಅಧಿಕಾರಿಗಳು ಮತ್ತು ಸಿಪಾಯಿಗಳು. ಆಮೇಲೆ ಪಶುವೈದ್ಯರ ಸಹಾಯಕರು, ನಾಲ್‌ಬಂದರು, ಕೊನೆಗೆ ಹಿಂದಿನಿಂದ ಹೋದ ಆಳುಗಳು. ಬದಿಗಳಲ್ಲಿ ಮುಸಲ್ಮಾನ, ಕ್ರೈಸ್ತ ಮತ್ತು ಪಾರ್ಸಿ, ಹಿಂದೂ ಮತ್ತು ಸಿಖ್ ಎಂದು ಕೊರೆದಿದ್ದಾರೆ. ಜಾತಿಮತ ಎಲ್ಲ ಇದೆ. ಕೆಲಸ ಏನು ಅಂತ ಇದೆ. ಒಂದೇ ಒಂದು ಹೆಸರಿಲ್ಲ.

ಅದರ ಫೋಟೋ ನೋಡಿದಾಗ ನನಗೆ ಬಂದದ್ದು ಸಿಟ್ಟು. ಆ ಯುದ್ಧದಲ್ಲಿ 3 ಲಕ್ಷಕ್ಕೂ ಹೆಚ್ಚು ಕುದುರೆಗಳು ಸತ್ತವು. ಅವುಗಳಿಗೆ ಪೋರ್ಟ್ ಎಲಿಜಬೆತ್ ಊರಿನಲ್ಲಿ 1905ರಲ್ಲಿ ಒಂದು ಕಂಚಿನ ಸ್ಮಾರಕ ಮಾಡಿದರು. ಸೈನಿಕನೊಬ್ಬ ಮೊಣಕಾಲೂರಿ ಕುದುರೆಗೆ ಬಕೆಟ್ಟಿನಲ್ಲಿ ನೀರು ಕೊಡುತ್ತಿದ್ದಾನೆ. ತುಂಬ ಚೆಂದದ ಕೆಲಸ. ಕುದುರೆಗೆ ಸ್ಮಾರಕ ಬೇಕು, ಅದರಲ್ಲಿ ನನಗೆ ಜಗಳ ಇಲ್ಲ. ಆ ಕುದುರೆಯ ಕಾಲನ್ನು ತೊಡೆಯ ಮೇಲಿಟ್ಟು ಲಾಳ ಕಟ್ಟಿದವನಿಗೆ ಒಬ್ಬ ತಾಯಿ ಇದ್ದಳು. ಅವಳು ಒಂದು ಹೆಸರು ಇಟ್ಟಿದ್ದಳು. ಸಂಬಳದ ಪಟ್ಟಿಯಲ್ಲಿ ಆ ಹೆಸರು ಬರೆದೇ ದುಡ್ಡು ಕೊಟ್ಟಿರುತ್ತಾರೆ. ಕಲ್ಲಿಗೆ ಬರುವಾಗ ಮಾತ್ರ ಹೆಸರು ಬಿದ್ದುಹೋಯಿತು.

ಅಲ್ಲಿ ಸತ್ತವರು ಸೈನಿಕರು ಮಾತ್ರ ಅಲ್ಲ ಎಂಬುದನ್ನೂ ಹೇಳಲೇಬೇಕು. ಬ್ರಿಟಿಷರು ಬೋಯರರ ಮನೆ, ಹೊಲ ಸುಟ್ಟು ಹೆಂಗಸರು ಮಕ್ಕಳನ್ನು ಶಿಬಿರಗಳಲ್ಲಿ ತುಂಬಿದರು. ಸುಮಾರು 28,000 ಜನ ಅಲ್ಲಿ ಸತ್ತರು. ಅವರಲ್ಲಿ 22,000ಕ್ಕೂ ಹೆಚ್ಚು ಮಕ್ಕಳು. ಬ್ಲೂಮ್‌ಫಾಂಟೈನಿನಲ್ಲಿ 1913ರಲ್ಲಿ ಅವರಿಗೆ ದೊಡ್ಡ ಸ್ಮಾರಕ ಕಟ್ಟಿದರು. ಕಪ್ಪು ಜನರಿಗೆ ಬೇರೆ ಶಿಬಿರಗಳಿದ್ದವು. ದಾಖಲೆಯಲ್ಲಿ ಇರುವಷ್ಟೇ ಲೆಕ್ಕ ಹಾಕಿದರೂ ಅಲ್ಲಿ ಸತ್ತವರು 14,000ಕ್ಕೂ ಹೆಚ್ಚು. ಆ ಸ್ಮಾರಕದಲ್ಲಿ ಅವರ ಮಾತು ಬರಲೇ ಇಲ್ಲ. ಇಂಗ್ಲೆಂಡಿನ ಚರ್ಚಿನಲ್ಲಿ ಕೂತು ಆ ಹಿತ್ತಾಳೆ ಫಲಕ ನೋಡುವವರಿಗೆ ಇದೂ ಗೊತ್ತಿರಬೇಕು ಅಂತ ನನ್ನ ಅನಿಸಿಕೆ. ತಂಗಿ ಅಲ್ಲಿನ ಪಾದ್ರಿಯವರ ಹತ್ತಿರ ಈ ವಿಷಯ ತೆಗೆದಳಂತೆ. ಅವರು ಗಂಭೀರವಾಗಿ ಕೇಳಿಸಿಕೊಂಡರಂತೆ.

ದೂರದ ಊರಿನ ಕತೆ ಅಂತ ಇದನ್ನು ಬಿಡಲು ನನಗೆ ಆಗದಿರಲು ಕಾರಣ ಮಂಗಳೂರು. 1783ರಲ್ಲಿ ನಮ್ಮ ಊರಿನ ಕೋಟೆಯ ಒಳಗೆ ಕಂಪನಿಯ ಸೈನ್ಯ, ಹೊರಗೆ ಟಿಪ್ಪು ಸುಲ್ತಾನರ ಸೈನ್ಯ. ಮೇ ತಿಂಗಳಿನಿಂದ ಮುಂದಿನ ಜನವರಿಯ ತನಕ ಮುತ್ತಿಗೆ ನಡೆಯಿತು. ಮಳೆಗಾಲ ಪೂರ್ತಿ ಒಳಗೆ ಹಸಿವು, ಸ್ಕರ್ವಿ ಎಂಬ ಕಾಯಿಲೆ. ಕೊನೆಗೆ ಕರ್ನಲ್ ಜಾನ್ ಕ್ಯಾಂಬೆಲ್ ಕೋಟೆ ಬಿಟ್ಟುಕೊಟ್ಟು ಹೊರಟರು. ಮಾರ್ಚ್ 1784ರಲ್ಲಿ ಬೊಂಬಾಯಿಯಲ್ಲಿ ತೀರಿಕೊಂಡರು. ಕಂಪನಿ ಅವರಿಗೆ ಅಲ್ಲಿನ ಸೇಂಟ್ ಥಾಮಸ್ ಚರ್ಚಿನಲ್ಲಿ ಸ್ಮಾರಕ ಮಾಡಿಸಿತು. ಒಳಗೆ ಅವರ ಜೊತೆಗಿದ್ದ ಬೊಂಬಾಯಿಯ ದೇಶೀ ಪಡೆಗೆ ಗ್ರೆನೇಡಿಯರ್ಸ್ ಎಂಬ ಗೌರವದ ಹೆಸರು ಸಿಕ್ಕಿತು. ಇವತ್ತಿಗೂ ಭಾರತ ಸೇನೆಯ ಗ್ರೆನೇಡಿಯರ್ಸ್ ರೆಜಿಮೆಂಟಿನ ಯುದ್ಧ ಗೌರವಗಳಲ್ಲಿ ಮಂಗಳೂರು ಇದೆ. ಪಡೆಗೆ ಹೆಸರು ಬಂತು, ಊರಿಗೆ ಹೆಸರು ಬಂತು. ಒಳಗೆ ಹಸಿದು ಸತ್ತ ಸಿಪಾಯಿಯದ್ದೂ ಇಲ್ಲ, ಹೊರಗೆ ಮಳೆಯಲ್ಲಿ ನಿಂತು ಸತ್ತ ಟಿಪ್ಪುವಿನ ಸಿಪಾಯಿಯದ್ದೂ ಇಲ್ಲ.

1837 ಇನ್ನೂ ಹತ್ತಿರ. ಸುಳ್ಯದ ಕಡೆಯಿಂದ ರೈತರು ಎದ್ದು, ಬೆಳ್ಳಾರೆಯ ಖಜಾನೆ ಹಿಡಿದು, ದಾರಿಯುದ್ದಕ್ಕೂ ಜನ ಸೇರಿಸುತ್ತಾ ಬಂದು ಏಪ್ರಿಲ್ 5ರಂದು ಮಂಗಳೂರು ಗೆದ್ದರು. ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟ ಹಾರಿಸಿದರು. 13 ದಿನ ಊರು ಅವರ ಕೈಯಲ್ಲಿತ್ತು. ಕಣ್ಣೂರಿನಿಂದ ಕಂಪನಿಯ ಸೈನ್ಯ ಬಂದ ಮೇಲೆ ಎಲ್ಲ ಮುಗಿಯಿತು. ಗಲ್ಲಿಗೆ ಹಾಕಿದ್ದು ನಮ್ಮ ಬಿಕರ್ನಕಟ್ಟೆಯಲ್ಲಿ. ಆ ರೈತರ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ 2022ರಲ್ಲಿ ಬಾವುಟಗುಡ್ಡೆಯಲ್ಲಿ ನಿಂತಿತು. ನನಗೆ ತುಂಬ ಸಂತೋಷ ಆಯಿತು. ಆ ದಾರಿಯಲ್ಲಿ ಹೋಗುವಾಗ ನೋಡದೆ ಹೋಗುವುದಿಲ್ಲ. ಆದರೆ ಅವರ ಹಿಂದೆ ಅಷ್ಟು ದೂರ ನಡೆದು ಬಂದ ರೈತರ ಹೆಸರುಗಳು? ಅವರೂ ಇಲ್ಲೇ ನಮ್ಮ ಹೈವೇಯ ಬದಿಯಲ್ಲೇ ನಡೆದು ಬಂದವರು.

ಕಂಪನಿಯ ಕುರುಹು ಇರುವ ಫಲಕಗಳನ್ನು ಕಿತ್ತುಹಾಕಬೇಕು ಅನ್ನುವವರು ಇದ್ದಾರೆ. ಅವರ ನೋವು ನನಗೆ ಅರ್ಥವಾಗುತ್ತದೆ. ಬೆಂಗಳೂರಿನ ಕಾರ್ಪೊರೇಷನ್ ಹತ್ತಿರ 1791ರ ಬೆಂಗಳೂರು ಮುತ್ತಿಗೆಯಲ್ಲಿ ಸತ್ತ ಬ್ರಿಟಿಷರಿಗೆ ಎತ್ತರದ ಸ್ತಂಭ ಇತ್ತು. 1964ರಲ್ಲಿ ಒಡೆದರು. ಊರನ್ನು ಗೆದ್ದವರ ಕಂಬ ಊರಿನ ನಡುವೆ ಯಾಕೆ ಅಂತ ಕೇಳಿದರೆ ಉತ್ತರ ಕೊಡುವುದು ಕಷ್ಟ. ಆದರೂ ಅದು ಹೋದ ಮೇಲೆ ಬೆಂಗಳೂರು ಕೋಟೆಯನ್ನು ಕಾಯುತ್ತಾ ಸತ್ತ ಒಬ್ಬ ಸಿಪಾಯಿಯ ಹೆಸರಾದರೂ ಅಲ್ಲಿ ಹೊಸದಾಗಿ ಬಂತಾ? ಇಲ್ಲ. ಒಂದು ಹೆಸರು ಅಳಿಸಿದರೆ ಇನ್ನೊಂದು ತಾನಾಗಿ ಹುಟ್ಟುವುದಿಲ್ಲ. ಕೆತ್ತುವವರಿಗೆ ಇದು ಗೊತ್ತು. ಹಳೆಯ ಫಲಕ ಇರಲಿ, ಪಕ್ಕದಲ್ಲಿ ಇನ್ನೊಂದು ಹಾಕುವ. ಅದರಲ್ಲಿ ಬಿಟ್ಟುಹೋದವರ ಹೆಸರು, ಯಾರ ನೆಲದಲ್ಲಿ ಯಾವ ಕಾರಣಕ್ಕೆ ಯುದ್ಧ ನಡೆಯಿತು ಎಂಬ ಮಾತು ಇರಲಿ. ಇದು ನನ್ನ ಗಟ್ಟಿಯಾದ ಅಭಿಪ್ರಾಯ.

ನಮ್ಮ ಮನೆಯಲ್ಲೂ ಒಬ್ಬರು ಹೀಗೆ ಬಿಟ್ಟುಹೋದವರು ಇದ್ದಾರೆ. ಅಮ್ಮನ ಅಜ್ಜನ ತಮ್ಮ. ದೊರೆಗಳ ಮನೆಯಲ್ಲಿ ಬಟ್ಲರ್ ಆಗಿದ್ದವರು, ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಪಲ್ಟನಿನ ಜೊತೆ ಅಡುಗೆಗೆ ಇರಾಕಿನ ಬಸ್ರಾಕ್ಕೆ ಹೋದರು. ಮನೆಯ ಹಳೆಯ ಕನ್ನಡ ಬೈಬಲಿನ ಮೊದಲ ಪುಟದಲ್ಲಿ ಹುಟ್ಟು, ಸ್ನಾನದೀಕ್ಷೆ, ಮದುವೆ, ಸಾವು ಬರೆಯುವ ಕ್ರಮ ಇತ್ತು. ಅವರ ಹೆಸರಿನ ಎದುರಿಗೆ ಹುಟ್ಟಿದ ತಾರೀಕು ಇದೆ. ಸಾವಿನ ಜಾಗದಲ್ಲಿ "ಬಸ್ರಾಕ್ಕೆ ಹೋದನು" ಎಂದಿದೆ. ಅಷ್ಟೇ. ಅವರ ಅತ್ತಿಗೆ, ಅಂದರೆ ಅಮ್ಮನ ಅಜ್ಜಿ, ಆ ಹಬ್ಬ ಈ ಹಬ್ಬ ಅಂತ ತುಂಬ ವರ್ಷ ಅವರ ಪಾಲಿನ ತಟ್ಟೆ ಇಡುತ್ತಿದ್ದರಂತೆ.

ಬಸ್ರಾದ ಹೊರಗೆ ಒಂದು ದೊಡ್ಡ ಸ್ಮಾರಕ ಇದೆ. ಯುದ್ಧದಲ್ಲಿ ಸತ್ತವರ ಸಮಾಧಿ ನೋಡಿಕೊಳ್ಳುವ ಬ್ರಿಟಿಷ್ ಸಾಮ್ರಾಜ್ಯದ ಸಮಾಧಿ ಆಯೋಗ ಮಾಡಿಸಿದ್ದು, 1929ರಲ್ಲಿ ತೆರೆದದ್ದು. ಮೆಸೊಪೊಟೇಮಿಯಾದಲ್ಲಿ, ಅಂದರೆ ಈಗಿನ ಇರಾಕಿನಲ್ಲಿ, ಸತ್ತು ಸಮಾಧಿ ಸಿಗದ 40,000ಕ್ಕೂ ಹೆಚ್ಚು ಜನರಿಗಾಗಿ ಕಟ್ಟಿದ್ದು. ಅವರಲ್ಲಿ ಹೆಚ್ಚಿನವರು ಭಾರತದವರು. ಬ್ರಿಟಿಷ್ ಸಿಪಾಯಿಯ ಹೆಸರು ಕಲ್ಲಿನ ಮೇಲಿದೆ. ಭಾರತದ ಆಫೀಸರುಗಳ ಹೆಸರಿದೆ. ಭಾರತದ ಸಾಮಾನ್ಯ ಸಿಪಾಯಿಗಳಿಗೆ ರೆಜಿಮೆಂಟಿನ ಹೆಸರು ಕೊಟ್ಟು ಕೆಳಗೆ ಸಂಖ್ಯೆ. ಅದೇ ಆಯೋಗ ಫ್ರಾನ್ಸಿನ ನ್ಯೂವ್ ಶಾಪೆಲ್‌ನಲ್ಲಿ 1927ರಲ್ಲಿ ಕಟ್ಟಿದ ಸ್ಮಾರಕದಲ್ಲಿ 4,700ಕ್ಕೂ ಹೆಚ್ಚು ಭಾರತೀಯರ ಹೆಸರು ಒಂದೊಂದಾಗಿ ಕೊರೆದಿದ್ದಾರೆ, ಕೂಲಿಗಳದ್ದೂ ಸೇರಿ. ಹಾಗಾದರೆ ಕೆತ್ತಲು ಆಗುತ್ತಿತ್ತು. ಯುರೋಪಿನ ಜನ ನೋಡುವ ಜಾಗದಲ್ಲಿ ಕೆತ್ತಿದರು, ಬಸ್ರಾದಲ್ಲಿ ಬಿಟ್ಟರು. ದೆಹಲಿಯ ಇಂಡಿಯಾ ಗೇಟಿನ ಮೇಲೂ 13,000ಕ್ಕೂ ಹೆಚ್ಚು ಹೆಸರುಗಳಿವೆ. ಶಾಲೆಯ ಟೂರಿನಲ್ಲಿ ಹೋದವರು ಎಷ್ಟು ಮಂದಿ ಕತ್ತೆತ್ತಿ ಒಂದು ಹೆಸರಾದರೂ ಓದಿದ್ದೇವೆ?

ಈ ತಾರತಮ್ಯ ನನ್ನ ಕಲ್ಪನೆಯಲ್ಲ. ಆ ಸಮಾಧಿ ಆಯೋಗವೇ 2021ರಲ್ಲಿ ಒಂದು ವರದಿ ಹೊರತಂದು ಒಪ್ಪಿಕೊಂಡಿತು. ಭಾರತ, ಆಫ್ರಿಕಾ ಮೊದಲಾದ ಕಡೆಯ 45,000ದಿಂದ 54,000 ಜನರಿಗೆ ಸಮಾನವಾದ ಸ್ಮಾರಕ ಸಿಗಲಿಲ್ಲ. ಇನ್ನೂ ಕನಿಷ್ಠ 1,16,000 ಜನರ ಹೆಸರೇ ಎಲ್ಲೂ ಬರಲಿಲ್ಲ, ಆ ಸಂಖ್ಯೆ 3,50,000 ಇರಲೂಬಹುದು. ಇವರಲ್ಲಿ ಹೆಚ್ಚಿನವರು ಪೂರ್ವ ಆಫ್ರಿಕಾ ಮತ್ತು ಈಜಿಪ್ಟಿನವರು. ಕ್ಷಮೆ ಕೇಳಿದರು. ಕೇಳಿದ್ದು ಒಳ್ಳೆಯದಾಯಿತು.

ನಾನು ಈಗ ನಮ್ಮ ಮನೆಯವರಿಗಾಗಿ ಒಂದು ಕಲ್ಲು ಮಾಡುತ್ತಿದ್ದೇನೆ. ಕಾರ್ಕಳದ ಕಪ್ಪು ಕಲ್ಲು, ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ. ಮೆಷಿನ್ನಿನಲ್ಲಿ ಅಲ್ಲ, ಅಪ್ಪನ ಉಳಿಯಲ್ಲಿ. ಅಕ್ಷರಗಳನ್ನು ಪೆನ್ಸಿಲಿನಲ್ಲಿ ಬರೆದು ಆಗಿದೆ. ಪೂರ್ತಿ ಹೆಸರು, ಅಪ್ಪನ ಹೆಸರು, ಮನೆ, ಹುಟ್ಟಿದ ತಾರೀಕು, ಕೆಲಸ: ಅಡುಗೆ, ಬಸ್ರಾ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮೊದಲು ಕಲ್ಲಿನ ಮೇಲೆ ಬರಲಿ ಎಂಬುದು ಅಮ್ಮನ ಆಸೆ. ಅಮ್ಮನಿಗೆ ಈಗ ವಯಸ್ಸಾಗಿದೆ. ದಿನಾ ಸಂಜೆ "ಎಲ್ಲಿಗೆ ಬಂತು?" ಅಂತ ಕೇಳುತ್ತಾರೆ. ನಮ್ಮ ಸಭೆಯ ಹಿರಿಯರು ಸಮಾಧಿಯ ಗೋಡೆಯಲ್ಲಿ ಜಾಗ ಕೊಡಲು ಒಪ್ಪಿದ್ದಾರೆ. ಪಕ್ಕದಲ್ಲಿ ಇನ್ನೂ ನಾಲ್ಕು ಕಲ್ಲು ಕೂರುವಷ್ಟು ಜಾಗ ಬಿಡಿಸಿದ್ದೇನೆ.

ಆ ಜಾಗ ಯಾಕೆ ಅಂದರೆ, ನಮ್ಮ ಒಂದು ಮನೆಯಿಂದ ಮಾತ್ರ ಹೋಗಿರಲಿಕ್ಕಿಲ್ಲ. ಮಂಗಳೂರು, ಉಡುಪಿ, ಮುಲ್ಕಿ, ಕುಂದಾಪುರದ ಎಷ್ಟೋ ಮನೆಗಳಿಂದ ಅಡುಗೆಯವರು, ಕಂಪೌಂಡರುಗಳು, ಗುಮಾಸ್ತರು, ಹಡಗಿನ ಕಲಾಸಿಗಳು ಹೋಗಿರಬಹುದು. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಬೈಬಲ್, ಜಾತಕದ ಕಟ್ಟು, ಕಡತ, ಮನಿಆರ್ಡರಿನ ಚೀಟಿ ಇದ್ದರೆ ದಯವಿಟ್ಟು ಮಳೆಗಾಲಕ್ಕೆ ಮೊದಲು ಒಮ್ಮೆ ಇಳಿಸಿ ನೋಡಿ, ಗೆದ್ದಲು ಹಿಡಿದರೆ ಮತ್ತೆ ಸಿಗುವುದಿಲ್ಲ. ಹೆಸರು ಸಿಕ್ಕಿದರೆ ಅದರಲ್ಲಿ ಹೇಗಿದೆಯೋ ಹಾಗೇ, ಅದೇ ಕಾಗುಣಿತದಲ್ಲಿ ಬರೆದಿಟ್ಟುಕೊಳ್ಳಿ. ಅಪ್ಪನ ಹೆಸರು, ಮನೆಯ ಹೆಸರು, ಯಾವ ಊರಿನಿಂದ ಯಾವ ಇಸವಿಯಲ್ಲಿ ಹೋದರು, ಏನು ಕೆಲಸ, ಇಷ್ಟು ಸಾಕು. ಬಿಕರ್ನಕಟ್ಟೆಗೆ ಬಂದು ಕಲ್ಲು ಕೆತ್ತುವ ಅಂಗಡಿ ಯಾವುದು ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಇಂಥ ಹೆಸರಿಗೆ ಕಲ್ಲಿನ ದುಡ್ಡು ಮಾತ್ರ ತೆಗೆದುಕೊಳ್ಳುತ್ತೇನೆ, ಅಕ್ಷರಕ್ಕೆ ಬೇಡ.